ಗಿರಣಿ ಬೀದಿಯಲ್ಲಿ ಲೈನ್ ಹೋದದ್ದು

ನಾನು ಮೊದಲನೇ ಸಲ ಕೆಲಸಕ್ಕೆ ಅರ್ಜಿ ಹಾಕಿದ ದಿನ ಗಿರಣಿ ಬೀದಿಗೆ ಬೀದಿಯೇ ಎದ್ದು ನಮ್ಮ ಮನೆ ಬಾಗಿಲಿಗೆ ಬಂದಿತ್ತು. ತಪ್ಪು ನನ್ನದೇ, ಇಲ್ಲ ಅನ್ನಲ್ಲ. ಕಂಪ್ಯೂಟರ್ ನೆಟ್‌ವರ್ಕಿಂಗ್‌ನಲ್ಲಿ ಡಿಪ್ಲೊಮಾ ಮುಗಿಸಿಕೊಂಡು ಹೊಳೆಯಾಚೆಯ ಪಟ್ಟಣದಿಂದ ಆಗತಾನೇ ವಾಪಸ್ ಬಂದಿದ್ದೆ. ನನ್ನ ಜೊತೆ ಓದಿದವರೆಲ್ಲ ಅರ್ಜಿಯಲ್ಲಿ ‘ಅನುಭವ: ಎರಡು ವರ್ಷ’ ಅಂತ ಕಣ್ಣು ಮಿಟುಕಿಸದೆ ಬರೆದು ಕಳಿಸಿ ಕೆಲಸಾನೂ ಗಿಟ್ಟಿಸಿಕೊಂಡಿದ್ದರು. ನಾನೂ ಹಾಗೇ ಬರೆದು ಗುಂಡಿ ಒತ್ತಿದೆ. ನಮ್ಮೂರಿನ ತಂತಿಯಲ್ಲಿ ಸುಳ್ಳು ಹೋಗೋದಿಲ್ಲ ಅನ್ನೋದು ಹುಟ್ಟಿದಾಗಿಂದ ಗೊತ್ತಿದ್ದವಳು, ಅದು ಹೇಗೆ ಮರೆತೆನೋ, ನನ್ನ ಬುದ್ಧಿಗಿಷ್ಟು! ನೆಟ್ ಪೆಟ್ಟಿಗೆಯ ಹಸಿರು ದೀಪ ಪಕ್ಕನೆ ಆರಿತು. ನಮ್ಮನೇದು ಮಾತ್ರ ಅಲ್ಲ, ಇಡೀ ಬೀದೀದು. ಎದುರು ಮನೆಯಲ್ಲಿ ಕ್ರಿಕೆಟ್ ನಿಂತಿತು, ಪಕ್ಕದ ಮನೆಯಲ್ಲಿ ಧಾರಾವಾಹಿಯ ಅತ್ತೆ ಸೊಸೆಗೆ ಹೊಡೆಯೋಕೆ ಎತ್ತಿದ ಕೈ ಎತ್ತಿದ ಹಾಗೇ ನಿಂತಿತು. “ಯಾರ್ರೀ ಅದು ಸುಳ್ಳು ಹೇಳಿದ್ದು?” ಅಂತ ಆ ತುದಿಯಿಂದ ಈ ತುದಿಗೆ ಕೂಗು ಎದ್ದಿತು.

ಸುಳ್ಳು ಹೇಳಿ ಲೈನ್ ಕೆಡಿಸಿದವರು ಬೀದಿಗೆಲ್ಲ ಪಾನಕ ಕೊಡಬೇಕು. ಅದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಅಮ್ಮ ಹಣೆ ಹಣೆ ಚಚ್ಚಿಕೊಂಡು ಬೆಲ್ಲ ಕುಟ್ಟಿದಳು. “ನಮ್ಮ ಮನೆತನದಲ್ಲೇ ಯಾರೂ ಪಾನಕ ಕೊಟ್ಟಿರಲಿಲ್ಲ ಕಣೇ ಸುಗುಣ, ಮಾನ ತೆಗೆದೆಯಲ್ಲೇ!” ಅಂದಳು. ನಮ್ಮ ತಾತ ಬದುಕಿದ್ದಾಗ ವಾರಕ್ಕೊಂದು ಸಲ ಪಾನಕ ಕೊಡ್ತಿದ್ದರು ಅಂತ ಊರಿಗೆಲ್ಲ ಗೊತ್ತು. ಆದರೆ ಅಮ್ಮ ಅದನ್ನ ಫೋನಿನಲ್ಲಿ ಹೇಳಲಿಲ್ಲ, ಬಾಯಲ್ಲಿ ಹೇಳಿದಳು. ಹಾಗಾಗಿ ಏನೂ ತೊಂದರೆ ಆಗಲಿಲ್ಲ.

ಇಂಥ ಊರಲ್ಲಿ ಜನ ಹೇಗಪ್ಪಾ ಬದುಕ್ತಾರೆ ಅಂತ ಪಟ್ಟಣದವರು ನನ್ನ ಕೇಳ್ತಿದ್ದರು. ಎಲ್ಲರ ಹಾಗೇ ಬದುಕ್ತೀವಿ. ಫೋನೂ ಅದೇ ತಂತಿಯ ಮೇಲೇ ಓಡೋದರಿಂದ ಫೋನಿನಲ್ಲಿ ಮಾತ್ರ ಸ್ವಲ್ಪ ಹುಷಾರು. ಪ್ರಶ್ನೆಗೆ ಪ್ರಶ್ನೇನೇ ಉತ್ತರ ಕೊಟ್ಟರೆ ಸುಳ್ಳಾಗೋದಿಲ್ಲ ಅಂತ ನಮ್ಮ ಹೆಂಗಸರು ಯಾವತ್ತೋ ಕಂಡುಕೊಂಡಿದ್ದಾರೆ. “ಸೊಸೆ ಚೆನ್ನಾಗಿ ನೋಡ್ಕೋತಾಳಾ?” ಅಂದರೆ “ನೋಡ್ಕೊಳ್ದೆ ಏನು ಮಾಡ್ತಾಳೆ?” ಅಂತಾರೆ. “ನಾನು ಕಳಿಸಿದ ಸೀರೆ ಹಿಡಿಸ್ತಾ?” ಅಂದರೆ “ಅಲ್ಲಾ, ಅಷ್ಟು ದೂರದಿಂದ ಯಾಕೆ ಕಳಿಸೋಕೆ ಹೋದೆ?” ಅಂತಾರೆ. ಗಂಡಸರಿಗೆ ಇಷ್ಟು ಚಾಲಾಕಿ ಇಲ್ಲ. ಅವರು ಫೋನ್ ಎತ್ತಿ ಹ್ಞೂಂ, ಊಹ್ಞೂಂ ಅಂದು ಹೆಂಡತಿ ಕೈಗೆ ಕೊಟ್ಟುಬಿಡ್ತಾರೆ.

ಆವತ್ತಿನಿಂದ ನಾನು ನಿಜವನ್ನೇ ಬರೆದು ಕಳಿಸತೊಡಗಿದೆ. ‘ಅನುಭವ: ಇಲ್ಲ.’ ಆಹಾ, ಎಷ್ಟು ನಯವಾಗಿ ಹೋಗ್ತಿತ್ತು ಅಂತೀರಿ! ಅಷ್ಟೇ ನಯವಾಗಿ ಉತ್ತರಾನೂ ಬರ್ತಿತ್ತು, ಅನುಭವ ಮಾಡಿಕೊಂಡು ಬನ್ನಿ ಅಂತ. ಅನುಭವಕ್ಕೆ ಕೆಲಸ ಬೇಕು, ಕೆಲಸ ಕೊಡೋರಿಗೆ ಅನುಭವ ಬೇಕು. ಇದನ್ನ ಯಾರ ಹತ್ತಿರ ಹೇಳಿಕೊಳ್ಳೋದು? ಅಮ್ಮ ಮಾತ್ರ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದಳು: “ದೀಪಾವಳಿವರೆಗೆ ನೋಡ್ತೀನಿ. ಅಷ್ಟರಲ್ಲಿ ಕೆಲಸ ಸಿಗಲಿಲ್ಲ ಅಂದ್ರೆ ಸೋದರತ್ತೆಯ ಬಳೆ ಅಂಗಡೀಲಿ ಕೂತ್ಕೋ. ಅವಳಿಗೂ ಮಂಡಿನೋವು.” ಬಳೆ ಅಂಗಡಿ ನನಗೆ ಸುತರಾಂ ಬೇಡವಾಗಿತ್ತು. ಬಂದವರ ಕೈಗೆಲ್ಲ ಬಳೆ ತೊಡಿಸಿ “ಎಷ್ಟು ಚೆನ್ನಾಗಿ ಕಾಣ್ಸುತ್ತೆ ನಿಮಗೆ!” ಅಂತ ದಿನವಿಡೀ ಅನ್ನಬೇಕು. ನನಗೆ ತಂತಿ ಬೇಕಿತ್ತು, ಪೆಟ್ಟಿಗೆ ಬೇಕಿತ್ತು, ಸತ್ತ ದೀಪ ಹತ್ತಿದಾಗ ಆಗುವ ಖುಷಿ ಬೇಕಿತ್ತು.

ನಮ್ಮ ಬೀದಿಗೆ ಲೈನ್ ಕೊಟ್ಟವರು ರುದ್ರಮುನಿಯಪ್ಪ. ಹಿಟ್ಟಿನ ಗಿರಣಿಯ ಅಟ್ಟದ ಮೇಲೆ ಅವರ ಆಫೀಸು. ಅಲ್ಲಿರೋ ಮೇಜು, ಕುರ್ಚಿ, ತಂತಿಯ ಸುರುಳಿ, ರುದ್ರಮುನಿಯಪ್ಪನವರ ಮೀಸೆ, ಎಲ್ಲದರ ಮೇಲೂ ಸದಾ ರಾಗಿ ಹಿಟ್ಟು. ಊರಿಗೆಲ್ಲ ನೆಟ್ ಕೊಡೋ ಆ ಆಫೀಸಿನಲ್ಲಿ ಮಾತ್ರ ನೆಟ್ ಇರಲಿಲ್ಲ. ಯಾಕೆ ಅಂದರೆ ಅವರು ಫೋನ್ ಎತ್ತಿದ ಕೂಡಲೇ “ದಿಲ್ಲಿಯಿಂದ ಮಿನಿಸ್ಟ್ರು ಕರೆದಿದ್ರು, ನಾನೇ ಹೋಗ್ಲಿಲ್ಲ” ಅಂತಲೋ “ಈ ಸ್ವಿಚ್ ಕಂಡುಹಿಡಿದಿದ್ದೇ ನನ್ನ ಐಡಿಯಾ ಕದ್ದು” ಅಂತಲೋ ಶುರು ಮಾಡೋರು. ಒಂದು ವಾಕ್ಯಕ್ಕೇ ಊರೆಲ್ಲ ಲೈನ್ ಬಂದ್. ಅವರ ಹೆಂಡತಿ ಕೊನೆಗೆ ಆಫೀಸಿನ ತಂತೀನೇ ಕತ್ತರಿಸಿ ಹಾಕಿದ್ದರು. ಫೋನ್ ಮುಟ್ಟಬಾರದು ಅಂತ ಗಂಡನಿಂದ ಆಣೆ ಬೇರೆ ಮಾಡಿಸಿಕೊಂಡಿದ್ದರು.

ನಾನು ಏಣಿ ಹತ್ತಿ ಹೋಗಿ “ಸಾರ್, ನಿಮ್ಮ ಹತ್ರ ಕೆಲಸ ಕಲೀಬೇಕು” ಅಂದೆ. ಅವರು ಮೀಸೆ ಕೊಡವಿ ಒಂದು ಬೊಗಸೆ ಹಿಟ್ಟು ಉದುರಿಸಿ “ಸಂಬಳ ಇಲ್ಲಮ್ಮ. ಅನುಭವ ಬೇಕಾದಷ್ಟಿದೆ, ಎಷ್ಟು ಬೇಕೋ ಹೊತ್ಕೊಂಡು ಹೋಗು” ಅಂದರು. “ನನ್ನ ಹತ್ರ ಕಲಿತವರು ಈಗ ಎಲ್ಲೆಲ್ಲಿದ್ದಾರೆ ಗೊತ್ತಾ? ಚಂದ್ರಲೋಕದ ರಾಕೆಟ್ಟಿಗೆ ತಂತಿ ಎಳೆದೋನು ನನ್ನ ಶಿಷ್ಯ.” ಅವರ ಹತ್ತಿರ ಅಲ್ಲಿಯವರೆಗೆ ಯಾರೂ ಕಲಿತೇ ಇರಲಿಲ್ಲ. ಏಣಿ ಹಿಡಿದುಕೊಳ್ಳೋಕೆ ಗಿರಣಿಯವನನ್ನೇ ಕರೀತಿದ್ದರು.

ಬಾಯಿ ಹಾಗಿದ್ದರೂ ಮನುಷ್ಯ ಕಲಿಸಿದರು, ಅದನ್ನ ಹೇಳಲೇಬೇಕು. ಕಾಲೇಜಿನಲ್ಲಿ ನಾನು ಬಣ್ಣದ ತಂತಿಗಳ ಚಿತ್ರ ಬರೆದು ಒಳ್ಳೇ ಅಂಕ ತಗೊಂಡಿದ್ದೆ. ಇಲ್ಲಿ ಏಣಿಯ ಮೇಲೆ ಒಂಟಿ ಕಾಲಲ್ಲಿ ನಿಂತು, ಕಣ್ಣಿಗೆ ಹಿಟ್ಟು ಬಿದ್ದಾಗ, ಅದೇ ತಂತಿಗಳನ್ನ ಬೆರಳಲ್ಲಿ ತಡವಿ ಸಾಲಾಗಿ ಜೋಡಿಸಿ ತುದಿಗೆ ಪಿನ್ ಒತ್ತಬೇಕಿತ್ತು. ಮೊದಲ ವಾರ ನಾನು ಒತ್ತಿದ ಪಿನ್ನುಗಳನ್ನ ಅವರು ಒಂದೊಂದಾಗಿ ಕತ್ತರಿಸಿ ಎಸೆದರು. “ಇನ್ನೊಂದ್ಸಲ” ಅನ್ನೋದು, ಕತ್ತರಿಸೋದು. ನನಗೆ ಅಳು ಬರೋದು, ಅವರಿಗೆ ಕಾಫಿ ಬರೋದು. ಬೀದಿಯ ಲೈನ್ ಹೋದರೆ ಕಂಬದ ಪೆಟ್ಟಿಗೆ ತೆರೆದು ಒಂದೊಂದು ಮನೆಯ ತಂತಿ ಕೀಳುತ್ತಾ ಬರಬೇಕು, ಯಾವುದನ್ನ ಕಿತ್ತಾಗ ಮಿಕ್ಕ ದೀಪ ಹತ್ತುತ್ತೋ ಆ ಮನೆಯಲ್ಲೇ ತೊಂದರೆ ಅಂತ ಅವರೇ ತೋರಿಸಿಕೊಟ್ಟರು. ಸುಳ್ಳು ಒಂದು ಸಲ ಹೇಳಿದ್ದಾದರೆ, ತಂತಿ ಕಿತ್ತು ಮತ್ತೆ ಸಿಕ್ಕಿಸಿದರೆ ಲೈನ್ ಬಂದುಬಿಡುತ್ತೆ. “ಆದರೆ ಒಂದು ಮಾತು ನೆನಪಿಟ್ಕೋ,” ಅಂದಿದ್ದರು. “ಮೊದಲು ತಂತಿ ನೋಡು, ಆಮೇಲೆ ಮನುಷ್ಯರ ಮುಖ ನೋಡು.” ನಾನು ಹ್ಞೂಂ ಅಂದೆ. ಕಿವಿಗೆ ಹಾಕಿಕೊಂಡೆನಾ? ಇಲ್ಲ.

ಯಾಕೆ ಅಂದರೆ ನನಗೆ ಮುಖ ನೋಡೋದೇ ರುಚಿಯಾಗಿತ್ತು. ಮದುವೆ ದಲ್ಲಾಳಿ ಅಶ್ವತ್ಥಪ್ಪ ಒಂದು ಗಂಡಿನ ಬಗ್ಗೆ “ತಲೆ ತುಂಬಾ ಕೂದಲು” ಅಂತ ಫೋನಿನಲ್ಲಿ ಹೇಳಿ ಲೈನ್ ಕೆಡಿಸಿದಾಗ, ನಾನು ತಂತಿ ಕೀಳೋಕೆ ಮೊದಲೇ ಅವನ ಮೂಗಿನ ಮೇಲಿನ ಬೆವರು ನೋಡಿ ಹಿಡಿದುಬಿಟ್ಟೆ. ಊರವರೆಲ್ಲ ಭೇಷ್ ಅಂದರು. ಅಲ್ಲಿಗೆ ನನ್ನ ತಲೆ ನೆಟ್ಟಗೆ ನಿಲ್ಲಲಿಲ್ಲ. ನಾನು ಬೀದಿಯಲ್ಲಿ ನಡೆದು ಹೋಗ್ತಿದ್ದರೆ ಜನ ಫೋನ್ ಇಟ್ಟು ಒಳಗೆ ಹೋಗ್ತಿದ್ದರು. ಅದನ್ನ ಮರ್ಯಾದೆ ಅಂತ ತಿಳಿದುಕೊಂಡಿದ್ದೆ, ನೋಡಿ ನನ್ನ ಪೆದ್ದುತನ.

ಹೀಗಿರುವಾಗ ಒಂದು ಮಧ್ಯಾಹ್ನ ಲೈನ್ ಹೋಯಿತು. ಕೀಳುತ್ತಾ ಬಂದೆ, ಸಾವಂತ್ರಮ್ಮನ ತಂತಿ ಕಿತ್ತಾಗ ಮಿಕ್ಕವರ ದೀಪ ಹತ್ತಿತು. ಸಿಕ್ಕಿಸಿದೆ, ಮತ್ತೆ ಹೋಯಿತು. ಅಂದರೆ ಇನ್ನೂ ಸುಳ್ಳು ಹೇಳ್ತಾನೇ ಇದ್ದಾಳೆ! ಸಾವಂತ್ರಮ್ಮ ಗಂಡ ತೀರಿಕೊಂಡ ಮೇಲೆ ಮದುವೆ ಮನೆಗಳಿಗೆ ಅಡುಗೆ ಮಾಡಿ ಬದುಕುತ್ತಿದ್ದ ಹೆಂಗಸು. ಕೆಂಡದಂಥ ಬಾಯಿ. ನಾನು ಅಂಗಳಕ್ಕೇ ನುಗ್ಗಿ ಬೀದಿಯವರ ಎದುರು ಕೇಳಿದೆ: “ಫೋನಿನಲ್ಲಿ ಏನು ಹೇಳ್ತಿದ್ರಿ ಸಾವಂತ್ರಮ್ಮ?” “ನಮ್ಮಕ್ಕನ ಹತ್ರ ಮಾತಾಡ್ತಿದ್ದೆ. ನನ್ನ ಹುಳಿ ಈ ಊರಿಗೇ ಫಸ್ಟು ಅಂದೆ. ಯಾಕೆ?” ನಾನು ಕೈ ಕಟ್ಟಿಕೊಂಡು ನಕ್ಕೆ. “ಹಾಗಾದ್ರೆ ಬೆಲ್ಲ ಕುಟ್ಟಿ, ಪಾನಕ ಮಾಡಿ” ಅಂದೆ.

ಸಾವಂತ್ರಮ್ಮ ಒಂದು ನಿಮಿಷ ನನ್ನ ಮೇಲಿಂದ ಕೆಳಗೆ ನೋಡಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಹೋದವರು ಹಂಡೆಯಷ್ಟು ದೊಡ್ಡ ಪಾತ್ರೆ ಹೊತ್ತು ತಂದು ಬೀದಿಯ ನಡುವೆ ಕುಕ್ಕಿದರು. “ಬನ್ರೋ! ಎಲ್ಲಾ ಬನ್ನಿ! ತಿಂದು ಹೇಳಿ, ನಾನು ಸುಳ್ಳು ಹೇಳೋಳಾ ಅಂತ. ಈ ಚೋಟುದ್ದದ ಹುಡುಗಿ ನನ್ನ ಹುಳಿ ಮೇಲೆ ಮಣ್ಣು ಹಾಕ್ತಾಳೆ!” ಜನ ಲೋಟ ತಂದರು, ತಟ್ಟೆ ತಂದರು, ಅಶ್ವತ್ಥಪ್ಪ ಅನ್ನದ ಪಾತ್ರೆಯನ್ನೇ ತಂದ. ನುಗ್ಗೇಕಾಯಿ ಹುಳಿ. ನಾನೂ ಒಂದು ತೊಟ್ಟು ನಾಲಿಗೆಗೆ ಇಟ್ಟುಕೊಂಡೆ. ಅಯ್ಯೋ ದೇವರೇ. ಅಂಥ ಹುಳಿ ನಾನು ಜನ್ಮದಲ್ಲಿ ತಿಂದಿರಲಿಲ್ಲ. ನಮ್ಮಮ್ಮ ಕೂಡ ಇನ್ನೊಂದು ಸಲ ಹಾಕಿಸಿಕೊಂಡಳು, ತನ್ನ ಹುಳಿಯ ಬಗ್ಗೆ ಯಾವಾಗಲೂ ಹೆಚ್ಚು ಮಾತಾಡೋಳು ಆವತ್ತು ಸುಮ್ಮನೆ ತಿಂದಳು. ಇಡೀ ಬೀದಿ ಬೆರಳು ನೆಕ್ಕುತ್ತಾ ನನ್ನ ಕಡೆ ತಿರುಗಿತು.

ಆಗ ಮೇಲಿನಿಂದ ರುದ್ರಮುನಿಯಪ್ಪನವರ ಧ್ವನಿ ಬಂತು. ಅವರು ಸದ್ದಿಲ್ಲದೆ ಏಣಿ ಇಟ್ಟು ಸಾವಂತ್ರಮ್ಮನ ಹೆಂಚಿನ ಮೇಲೆ ಹತ್ತಿದ್ದರು. ಸೂರಿನ ಸಂದಿಯಿಂದ ಒಂದು ಅಳಿಲು ಚಂಗನೆ ಹಾರಿ ಓಡಿತು. ತಂತಿಯ ಸಿಪ್ಪೆಯೆಲ್ಲ ಕಡಿದು ಗೂಡಿಗೆ ಹಾಸಿಕೊಂಡಿತ್ತು. ಒಳಗಿನ ಎಳೆಗಳು ಒಂದಕ್ಕೊಂದು ತಾಗುತ್ತಿದ್ದವು. ಅವರು ಆ ತುಂಡನ್ನ ನನ್ನ ಕೈಗೆ ಇಟ್ಟರು. ಬೈತಾರೆ ಅಂತ ಕಾದೆ. ಬೈಯಲಿಲ್ಲ. ಬೀದಿಯ ಕಡೆ ತಿರುಗಿ “ಪಾನಕ ನಂದು. ಹುಡುಗಿ ನನ್ನ ಹತ್ರ ಕೆಲಸ ಕಲೀತಿದ್ದಾಳೆ, ತಪ್ಪು ನಂದು” ಅಂದರು. ನನಗೆ ನಾಚಿಕೆಯಿಂದ ಮೈಯೆಲ್ಲ ಬೆಂದುಹೋಯಿತು. ಸಾವಂತ್ರಮ್ಮನ ಕಾಲಿಗೆ ಬಿದ್ದೆ. ಅವರು “ಏಳು, ಏಳು, ಮೊದಲು ಆ ಅಳಿಲು ಓಡ್ಸು” ಅಂದು ನನಗೆ ಇನ್ನೊಂದು ಲೋಟ ಹುಳಿ ಕೊಟ್ಟರು. ಅವತ್ತಿನಿಂದ ನಾನು ಮೊದಲು ತಂತಿ ನೋಡಿದೆ. ನಂಬಿ ಬಿಡಿ, ಅರ್ಧಕ್ಕರ್ಧ ಸಲ ತೊಂದರೆ ಇಲಿ, ಅಳಿಲು, ಇಲ್ಲ ಸಡಿಲವಾದ ಪಿನ್ನು. ನಮ್ಮೂರಿನ ಜನ ನಾವು ಅಂದುಕೊಂಡಷ್ಟು ಸುಳ್ಳು ಹೇಳೋದೇ ಇಲ್ಲ.

ದೀಪಾವಳಿ ಹತ್ತಿರ ಬಂದಾಗ ಹೊಳೆಯಾಚೆಯ ದೊಡ್ಡ ಆಸ್ಪತ್ರೆಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳೋ ಕೆಲಸ ಖಾಲಿ ಇದೆ ಅಂತ ತಿಳಿಯಿತು. ‘ಅನುಭವ: ಆರು ತಿಂಗಳು, ಏಣಿ ಮೇಲೆ’ ಅಂತ ಬರೆದು ಗುಂಡಿ ಒತ್ತಿ ಕಣ್ಣು ಮುಚ್ಚಿಕೊಂಡೆ. ದೀಪ ಆರಲಿಲ್ಲ! ಹಾದುಹೋಯಿತು! ಆಸ್ಪತ್ರೆಯವರು ಸಂದರ್ಶನಕ್ಕೆ ಕರೆದರು, ಕಂಪ್ಯೂಟರಿನ ಪರದೆಯ ಮೇಲೇ. ಇದೊಂದು ಕೈತಪ್ಪಿದರೆ ಬಳೆ ಅಂಗಡಿ ಖಂಡಿತ. ಅತ್ತೆ ಆಗಲೇ ನಾನು ಕೂರೋಕೆ ಅಂತ ಮೆತ್ತನೆ ದಿಂಬು ಹೊಲಿಸಿಟ್ಟಿದ್ದಳು.

ಆ ಬೆಳಿಗ್ಗೆ ಇಡೀ ಗಿರಣಿ ಬೀದಿ ನನಗೋಸ್ಕರ ಬಾಯಿ ಮುಚ್ಚಿಕೊಂಡಿತು. ಸಾವಂತ್ರಮ್ಮ ಮನೆ ಮನೆಗೆ ಹೋಗಿ ಫೋನುಗಳನ್ನ ಬುಟ್ಟಿಗೆ ಹಾಕಿಕೊಂಡು ಬಂದರು. ಅಶ್ವತ್ಥಪ್ಪ ಆ ದಿನದ ಗಂಡುಗಳನ್ನೆಲ್ಲ ಮುಂದಕ್ಕೆ ಹಾಕಿದ. ಎಲ್ಲರ ಭಯ ಇದ್ದದ್ದು ರುದ್ರಮುನಿಯಪ್ಪನವರ ಬಗ್ಗೆ. ಅವರೋ, ನಾನಿಲ್ಲದೆ ಹೇಗೆ ಅಂತ ನಮ್ಮನೇಗೇ ಬಂದು ನನ್ನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡರು. ಅಮ್ಮ ಜಾಣೆ. ಒಂದು ಡಬ್ಬ ಕೋಡುಬಳೆ ಅವರ ತೊಡೆ ಮೇಲಿಟ್ಟು “ಖಾಲಿ ಮಾಡ್ಲೇಬೇಕು ನೀವು” ಅಂದಳು. ಬಾಯಿ ತುಂಬಿರೋವಷ್ಟು ಹೊತ್ತು ಲೈನ್ ಕ್ಷೇಮ.

ಪರದೆಯಲ್ಲಿ ಟೈ ಕಟ್ಟಿದ ಒಬ್ಬರು, ಅವರ ಪಕ್ಕದಲ್ಲಿ ಕನ್ನಡಕದ ಹೇಮಲತಾ ಮೇಡಂ. ಆಸ್ಪತ್ರೆಯ ಯಂತ್ರಗಳ ಉಸ್ತುವಾರಿ ಮೇಡಮ್ಮಿನದಂತೆ. ಟೈನವರು “ನಮ್ಮಲ್ಲೇ ಯಾಕೆ ಕೆಲಸ ಮಾಡ್ಬೇಕು ಅಂತಿದೀರಿ?” ಅಂದರು. ಬಂತಲ್ಲಪ್ಪ ಕುತ್ತು! ನಿಮ್ಮ ಸಂಸ್ಥೆಯ ಕೀರ್ತಿ ಕೇಳಿ ಅಂದರೆ ಅಲ್ಲಿಗೆ ದೀಪ ಆರುತ್ತೆ. “ಬೇರೆ ಯಾರೂ ಕರೀಲಿಲ್ಲ ಸಾರ್” ಅಂದೆ. ಮೇಡಂ ಕೆಮ್ಮಿದರು. “ಐದು ವರ್ಷದ ನಂತರ ಏನಾಗಿರ್ತೀರಿ?” “ಗೊತ್ತಿಲ್ಲ ಸಾರ್. ಬಳೆ ಅಂಗಡೀಲಿ ಇರಬಾರದು ಅಷ್ಟೇ.” ಆಗ ಮೇಡಂ ಮುಂದೆ ಬಾಗಿ “ಲೈನ್ ಹೋದ್ರೆ ಮೊದಲು ಏನು ಮಾಡ್ತೀಯಮ್ಮ?” ಅಂತ ಕೇಳಿದರು. ನಾನು ಹುಳಿಯ ಕಥೆ ಹೇಳಿದೆ, ಅಳಿಲಿನ ಸಮೇತ. ಮೇಡಂ ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. ನನ್ನ ಪಕ್ಕದಲ್ಲಿ ಕರುಂ ಕುರುಂ ಅಂತ ಕೋಡುಬಳೆ ಮುರೀತಾನೇ ಇತ್ತು. ಕೊನೆಗೆ ಟೈನವರು “ನಿಮ್ಮನ್ನ ಕಂಡು ಸಂತೋಷವಾಯ್ತು. ಯೋಚನೆ ಮಾಡಿ ಎರಡು ದಿನದಲ್ಲಿ ತಿಳಿಸ್ತೀವಿ” ಅಂದರು. ಪಕ್! ದೀಪ ಆರಿತು.

“ಯಾರ್ರೀ ಅದು?” ಬೀದಿಯೆಲ್ಲ ಹೊರಗೆ ಬಂತು. ಎಲ್ಲರೂ ರುದ್ರಮುನಿಯಪ್ಪನವರನ್ನ ನೋಡಿದರು. ಅವರು ಉಬ್ಬಿದ ಕೆನ್ನೆ ತೋರಿಸಿ ಎರಡೂ ಕೈ ಆಡಿಸಿದರು. ನಾನು ಕಂಬದ ಹತ್ತಿರ ಓಡಿದೆ. ಮೊದಲು ತಂತಿ. ಒಂದೊಂದಾಗಿ ಕಿತ್ತೆ. ನಮ್ಮನೇದು ಕಿತ್ತಾಗಲೇ ಬೀದಿಯ ದೀಪ ಹತ್ತಿದ್ದು. ಸೂರು ನೋಡಿದೆ, ಅಳಿಲಿಲ್ಲ. ಪಿನ್ ನೋಡಿದೆ, ನಾನೇ ಒತ್ತಿದ್ದು, ಭದ್ರವಾಗಿತ್ತು. ಸರಿ, ಈಗ ಮನುಷ್ಯರ ಸರದಿ. ಅಮ್ಮ ಮಾತಾಡಿಲ್ಲ. ರುದ್ರಮುನಿಯಪ್ಪನವರ ಬಾಯಲ್ಲಿ ಕೋಡುಬಳೆ. ನಾನು ಸುಳ್ಳು ಹೇಳಿಲ್ಲ. ಆ ಲೈನಿನಲ್ಲಿ ಕೊನೆಗೆ ಬಂದ ಮಾತು ಒಂದೇ. ಟೈನವರ ‘ಎರಡು ದಿನದಲ್ಲಿ ತಿಳಿಸ್ತೀವಿ’.

ತಂತಿ ಸಿಕ್ಕಿಸಿ ಬಂದು ಕೂತೆ. ಪರದೆಯಲ್ಲಿ ಇಬ್ಬರೂ ಮತ್ತೆ ಕಾಣಿಸಿದರು. “ಏನಾಯ್ತಮ್ಮ?” ಅಂದರು ಮೇಡಂ. “ನಮ್ಮ ಕಡೆ ಎಲ್ಲಾ ನೋಡ್ದೆ ಮೇಡಂ, ಸರಿಯಾಗಿದೆ. ತೊಂದರೆ ಸಾರ್ ಹೇಳಿದ ಕೊನೇ ಮಾತಲ್ಲಿದೆ. ನಮ್ಮೂರಿನ ತಂತೀಲಿ ಸುಳ್ಳು ಬರಲ್ಲ.” ಟೈನವರ ಮುಖ ಬಿಳಿಚಿತು. ಮೇಡಂ ಅವರ ಕಡೆ ತಿರುಗಿ “ಏನ್ರೀ ಇದು?” ಅಂದರು. ಅವರು ಟೈ ಸಡಿಲ ಮಾಡಿಕೊಂಡು ಒಪ್ಪಿಕೊಂಡರು: “ಕೆಲಸ ಆಗ್ಲೇ ಒಬ್ಬ ಹುಡುಗನಿಗೆ ಕೊಟ್ಟಾಗಿದೆ ಮೇಡಂ. ಇದು ಸುಮ್ನೆ ಲೆಕ್ಕಕ್ಕೆ. ಅವನಿಗೆ ಐದು ವರ್ಷ ಅನುಭವ ಇದೆಯಂತೆ.” ‘ಅಂತೆ’ ಅಂದರೆ ಸುಳ್ಳಾಗೋದಿಲ್ಲ, ದೀಪ ಅಲುಗಾಡದೆ ಉರೀತಿತ್ತು. ಬಾಗಿಲ ಮರೆಯಲ್ಲಿ ಅಮ್ಮ ಸೆರಗು ಬಾಯಿಗೆ ಹಿಡಿದಳು. ಅತ್ತೆ ಹೊಲಿಸಿಟ್ಟ ಆ ದಿಂಬು ನನ್ನ ಕಣ್ಣ ಮುಂದೆ ಕಂಡಿತು. ಆದರೆ ಆರು ತಿಂಗಳು ಕಂಬ ಹತ್ತಿದ ತಲೆ ಸುಮ್ಮನಿರಬೇಕಲ್ಲ? “ಮೇಡಂ, ಒಂದು ಕೇಳ್ಲಾ? ಆ ಐದು ವರ್ಷದ ಮಾತನ್ನ ಅವರು ಈ ಲೈನಿನಲ್ಲೊಂದ್ಸಲ ಹೇಳ್ಬಹುದಾ?”

ಹುಡುಗ ಆವತ್ತೇ ಗುರುತಿನ ಚೀಟಿಗೆ ಫೋಟೊ ಹೊಡೆಸಿಕೊಳ್ಳೋಕೆ ಬಂದಿದ್ದ. ಕರೆಸಿದರು. ತಲೆಗೆ ಎಣ್ಣೆ ಹಚ್ಚಿ ನೀಟಾಗಿ ಬಾಚಿಕೊಂಡು ಬಂದು ಪರದೆಗೆ ನಮಸ್ಕಾರ ಹಾಕಿ, “ನನಗೆ ನೆಟ್‌ವರ್ಕಿಂಗ್‌ನಲ್ಲಿ ಐದು ವ” ಅಂದ. ಪೂರ್ತಿ ‘ವರ್ಷ’ ಕೂಡ ಬರಲಿಲ್ಲ. ಪಕ್! ಈ ಸಲ ಬೀದಿಯವರು ಬೈಯಲಿಲ್ಲ, ಚಪ್ಪಾಳೆ ಹೊಡೆದರು. ಅಶ್ವತ್ಥಪ್ಪ ಶಿಳ್ಳೆ ಹಾಕಿದ.

ಮತ್ತೆ ಲೈನ್ ಹಾಕಿದಾಗ ಪರದೆಯಲ್ಲಿ ಮೇಡಂ ಒಬ್ಬರೇ ಇದ್ದರು. “ನೋಡಮ್ಮ, ಇಲ್ಲಿ ಉಸಿರಾಡಿಸೋ ಯಂತ್ರಗಳೆಲ್ಲ ಈ ನೆಟ್‌ವರ್ಕಿನ ಮೇಲಿವೆ. ಇಲ್ಲಿ ಲೈನ್ ಹೋದ್ರೆ ಪಾನಕ ಕೊಟ್ಟು ಮುಗಿಸೋ ಹಾಗಿಲ್ಲ. ಸೋಮವಾರ ಬಂದು ಕೆಲಸಕ್ಕೆ ಸೇರ್ಕೋ” ಅಂದರು. ನಾನು ಅವರ ಮುಖ ನೋಡಲಿಲ್ಲ, ದೀಪ ನೋಡಿದೆ. ಕಿಟಕಿಯಲ್ಲಿ ತುಂಬಿಕೊಂಡಿದ್ದ ಬೀದಿಯೆಲ್ಲ ದೀಪವನ್ನೇ ನೋಡಿತು. ಹಸಿರಾಗಿ ಉರೀತಾನೇ ಇತ್ತು. ಅಮ್ಮ ಗೊಳೋ ಅಂತ ಅತ್ತಳು.

ಮೇಡಂ “ಇಷ್ಟೆಲ್ಲ ಯಾರಮ್ಮ ಕಲಿಸಿದ್ದು ನಿನಗೆ?” ಅಂತ ಕೇಳಿದರು. ನಾನು ಬಾಯಿ ತೆರೆಯೋ ಮೊದಲೇ ಪಕ್ಕದ ಕುರ್ಚಿ ಕಿರ್ ಅಂತು. ಡಬ್ಬ ಖಾಲಿಯಾಗಿತ್ತು. ರುದ್ರಮುನಿಯಪ್ಪನವರು ಕೊನೇ ಚೂರು ನುಂಗಿ, ಮೀಸೆ ನೇವರಿಸಿ, ಪರದೆಗೆ ಮುಖ ಒಡ್ಡಿದರು. ಅಮ್ಮ “ಅಯ್ಯೋ, ಬೇಡ್ರೀ!” ಅಂತ ಕೂಗಿದಳು. ಸಾವಂತ್ರಮ್ಮ ಕಿಟಕಿಯಿಂದ ಕೈ ಹಾಕಿ ಅವರ ಅಂಗಿ ಹಿಡಿದು ಎಳೆದರು. ಅಷ್ಟರಲ್ಲಿ ಅವರು ಗಟ್ಟಿಯಾಗಿ ಹೇಳಿಬಿಟ್ಟರು: “ಎಲ್ಲಾ ನಾನೇ ಕಲಿಸಿದ್ದು ಮೇಡಂ!”

ಬೀದಿ ಉಸಿರು ಬಿಗಿ ಹಿಡಿಯಿತು. ನಾನು ಎದ್ದು ಕಂಬದ ಕಡೆ ಓಡೋಕೆ ಚಪ್ಪಲಿ ಹುಡುಕಿದೆ. ದೀಪ ಆರಲಿಲ್ಲ. ಇನ್ನೂ ಸ್ವಲ್ಪ ಹೊತ್ತು ನೋಡಿದೆವು. ಆರಲಿಲ್ಲ. ಆ ಕಡೆಯಿಂದ ಮೇಡಂ “ಒಳ್ಳೇದಾಯ್ತು ಯಜಮಾನ್ರೇ, ಚೆನ್ನಾಗಿ ಕಲಿಸಿದ್ದೀರಿ” ಅಂದದ್ದು ಸ್ಪಷ್ಟವಾಗಿ ಕೇಳಿಸಿತು. ರುದ್ರಮುನಿಯಪ್ಪನವರು ಪೆಟ್ಟಿಗೆಯ ಮುಂದೆ ಬಗ್ಗಿ, ಹಸಿರು ದೀಪಕ್ಕೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಕಣ್ಣಲ್ಲಿ ನೀರು ತುಂಬಿತ್ತು.

“ಹೋಗ್ಲಿಲ್ವಲ್ಲೇ ಸುಗುಣ!” ಅಂದರು.